ಸಿಸ್ಟರಮ್ಮನ ಸಾಹಿತ್ಯ

ಅವರ ಕಂಠ ಚೆನ್ನಾಗಿರಲಿಲ್ಲ. ತೀರಿಕೊಂಡವರ ಬಗ್ಗೆ ಬರೆಯುವಾಗ ಇಂಥದ್ದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಸುಳ್ಳು ಹೇಳುವ ಪ್ರಸಂಗ ಬರುವುದಿಲ್ಲ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ಬಂದು ನಿಂತಿದೆ ಎಂದು ಧ್ವನಿವರ್ಧಕದಲ್ಲಿ ಹೇಳುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ ಹಾಡುತ್ತಿದ್ದರು. ಆದರೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಆ ಹಾಡು ಕೇಳಿಸಿಕೊಂಡು ಭೂಮಿಗೆ ಬಂದ ಮಕ್ಕಳಲ್ಲಿ ಕೆಲವರು ಈಗ ಮೀಸೆ ಬಿಟ್ಟುಕೊಂಡು ಓಡಾಡುತ್ತಿದ್ದಾರೆ.

ಹೋದ ತಿಂಗಳು ಕಾನಹೊಸಹಳ್ಳಿ ಹತ್ತಿರದ ತಮ್ಮ ಊರಿನಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಚಹ ಕುಡಿದು, ಲೋಟ ತೊಳೆದಿಟ್ಟು, ಕುರ್ಚಿಯಲ್ಲಿ ಕೂತಲ್ಲೇ. ಲೋಟ ತೊಳೆದಿಟ್ಟಿದ್ದರು ಎಂಬುದನ್ನು ಅವರ ಮಗಳು ನನಗೆ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದಳು. ನನಗೆ ಆಶ್ಚರ್ಯವಾಗಲಿಲ್ಲ.

ಅವರು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ನರ್ಸ್ ಆಗಿದ್ದರು. ಅದೇ ಆಸ್ಪತ್ರೆಯಲ್ಲಿ ನಾನು ಔಷಧಿ ಕೊಡುವವನು. ಅದು ಯಾವ ಊರಿನ ಆಸ್ಪತ್ರೆ ಎಂದು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ನಮ್ಮಲ್ಲಿ ಹಾಗೆ ನಡೆದೇ ಇಲ್ಲ ಎನ್ನುತ್ತಾರೆ, ಉಳಿದ ನಾಲ್ಕು ಊರಿನವರು ಅದು ನಡೆದದ್ದು ನಮ್ಮಲ್ಲಿ ಎನ್ನುತ್ತಾರೆ. ಅವರ ಹೆಸರನ್ನೂ ಹೇಳುವುದಿಲ್ಲ. ಹೇಳಿದರೂ ಯಾರಿಗೂ ಗುರುತು ಸಿಗಲಿಕ್ಕಿಲ್ಲ. ರೋಗಿಗಳು, ಡಾಕ್ಟರು, ಕ್ಯಾಂಟೀನಿನವರು, ಎಲ್ಲರಿಗೂ ಅವರು ಸಿಸ್ಟರಮ್ಮ.

ಎತ್ತರದ ಆಳು. ಗಡಿಯಾರವನ್ನು ಕೈಗೆ ಕಟ್ಟದೆ ಎದೆಯ ಮೇಲೆ ಪಿನ್ನು ಹಾಕಿ ತಲೆಕೆಳಗಾಗಿ ತೂಗುಬಿಡುತ್ತಿದ್ದರು. ನಗುತ್ತಿರಲಿಲ್ಲ. ನಗು ಬಂದಾಗ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಅದೇ ಅವರ ನಗು ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ನನ್ನ ಔಷಧಿ ಕೋಣೆಗೂ ಹೆರಿಗೆ ಕೋಣೆಗೂ ನಡುವೆ ಒಂದೇ ಗೋಡೆ, ಅದೂ ತೆಳುವಾದದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ಗುಳಿಗೆ ಎಣಿಸುತ್ತಿದ್ದಾಗ ಆ ಗೋಡೆಯಿಂದ ನನಗೆ ಬಹಳ ಇಷ್ಟವಾದ ಒಂದು ಹಳೆಯ ಸಿನಿಮಾ ಹಾಡಿನ ಧಾಟಿ ಕೇಳಿಸಿತು. ನಾಯಕ ನಾಯಕಿಯನ್ನು ಹೂವು, ಚಂದ್ರ ಎಂದೆಲ್ಲ ಹೊಗಳಿ ಹತ್ತಿರ ಕರೆಯುವ ಹಾಡು ಅದು. ಹಳೆಯ ಹಾಡುಗಳ ವಿಷಯದಲ್ಲಿ ನಾನು ಸ್ವಲ್ಪ ಮಡಿವಂತ. ಖುಷಿಯಿಂದ ಕಿವಿಗೊಟ್ಟೆ. ಕೇಳಿಸಿದ್ದು ಇದು:

ಬಾ ಬಾರೋ ಕೂಸೆ, ಬಾಗಿಲು ತೆರದೈತಿ,
ಒಳಗ ಕುಂತು ಏನ ಮಾಡತಿ?
ತೆಲಿಗಿ ಬಸ್ಸು ಬಿಡುವ ಹೊತ್ತಾತು,
ಅವ್ವನ ಜೀವ ಎಷ್ಟು ಕಾಡತಿ?

ನಡುವೆ ಒಂದು ಹೆಣ್ಣು ದನಿ ಚೀರುತ್ತಿತ್ತು. ಹಾಡು ನಿಲ್ಲಲಿಲ್ಲ. ಎರಡನೆಯ ಚರಣ ಕೂಸಿಗಲ್ಲ, ತಾಯಿಗೆ:

ಉಸಿರ ಎಳಕೊ, ಉಸಿರ ಬಿಡವ್ವ,
ಹಲ್ಲ ಕಚ್ಚಿ ಹಿಡಿಬ್ಯಾಡ,
ಅತ್ತಿ ಹೊರಗ ಅದಾಳ, ಇರಲಿ,
ಆಕಿ ಮಾತಿಗೆ ಕಿವಿಗೊಡಬ್ಯಾಡ.

ಆಮೇಲೆ ಕೂಸಿನ ಅಳು. ಹಾಡು ಅಲ್ಲಿಗೇ ಕಡಿಯಿತು.

ಮಧ್ಯಾಹ್ನ ಚಹದ ಹೊತ್ತಿಗೆ ನಾನು ತಡೆಯಲಾರದೆ ಕೇಳಿದೆ. “ಸಿಸ್ಟರಮ್ಮ, ಅಷ್ಟು ಚೆಂದದ ಹಾಡು ಅದು. ಅದರ ಮಾತು ಯಾಕ ಹಂಗ ಕೆಡಿಸ್ತೀರಿ? ಕವಿ ಬರದದ್ದು ಕವಿ ಬರದಂಗ ಇರಬೇಕಲ್ರಿ.”

ಅವರು ಬಿಸ್ಕತ್ತು ಚಹದಲ್ಲಿ ಅದ್ದುತ್ತ ಕೇಳಿದರು. “ಕವಿ ಹಡದಾನೇನ್ರಿ?”

ಇಲ್ಲ ಎಂದೆ.

“ಮತ್ತ.”

ಅಂದಿನಿಂದ ನನಗೆ ‘ಒರಿಜಿನಲ್ ಸಾಹೇಬ್ರು’ ಎಂದು ಹೆಸರಿಟ್ಟರು. “ಒರಿಜಿನಲ್ ಸಾಹೇಬ್ರ, ಐರನ್ ಗುಳಿಗಿ ಬಂದಾವೇನು?” ಎಂದು ನಾಲ್ಕು ಜನರ ಎದುರೇ ಕೇಳುವರು.

ಈ ಅಭ್ಯಾಸ ಹೇಗೆ ಹತ್ತಿತು ಎಂದು ಮುಂದೊಂದು ದಿನ ಅವರೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸತು, ಬಾಗಳಿ ಹತ್ತಿರ ಒಂದು ಆರೋಗ್ಯ ಉಪಕೇಂದ್ರ. ಮಟಮಟ ಮಧ್ಯಾಹ್ನ ಒಬ್ಬ ಹುಡುಗಿಯನ್ನು ಕರೆತಂದರು. ಜೀಪು ಬರಬೇಕು, ಬರಲಿಲ್ಲ. ಹುಡುಗಿಗೂ ಮೊದಲ ಹೆರಿಗೆ, ಸಿಸ್ಟರಮ್ಮನಿಗೂ ಒಬ್ಬರೇ ಮಾಡಿಸುವ ಮೊದಲ ಹೆರಿಗೆ.

“ಆಕಿಗಿಂತ ನನಗ ಹೆದ್ರಿಕಿ ಜಾಸ್ತಿ. ಬಾಯಿಗೆ ಏನು ಬರ್ತದೋ ಅದನ್ನ ಹಾಡಿದ್ನಿ, ನನ್ನ ಹೆದ್ರಿಕಿ ಆಕಿಗೆ ಗೊತ್ತಾಗಬಾರ್ದು ಅಂತ. ಬಂದದ್ದು ಅದ ಸಿನಿಮಾ ಹಾಡು. ಚಂದಿರ ಗಿಂದಿರ ಅನ್ನೋತ್ಲೆ ಆಕಿ ನನ್ನ ಹಿಂಗ ನೋಡಿದ್ಲು ನೋಡ್ರಿ! ಆ ಹೊತ್ತಿನ್ಯಾಗ ಪ್ರೀತಿ ಪ್ರೇಮ ಅಂದ್ರ ಒದೀತಾರ. ಅದಕ ಮಾತು ಬದ್ಲಿ ಮಾಡಿದ್ನಿ. ಧಾಟಿ ಏನು ತಪ್ಪು ಮಾಡಿತ್ತು, ಅದನ್ನ ಹಂಗ ಬಿಟ್ನಿ.”

ಯಾವ ಊರಿನವಳು ಬರುತ್ತಾಳೋ ಆ ಊರಿನ ಬಸ್ಸು ಹಾಡಿನೊಳಗೆ ಬರುತ್ತಿತ್ತು. ತೆಲಿಗಿಯವಳಿಗೆ ತೆಲಿಗಿ ಬಸ್ಸು, ಬಾಗಳಿಯವಳಿಗೆ ಬಾಗಳಿ ಬಸ್ಸು. ನೋವಿನಲ್ಲಿ ಕಂಗಾಲಾದ ಹೆಂಗಸರು ತಮ್ಮ ಊರ ಹೆಸರು ಕೇಳಿ ಒಂದು ಗಳಿಗೆ ಇತ್ತ ತಿರುಗುತ್ತಿದ್ದರು. ಅಷ್ಟು ಸಾಕಿತ್ತು ಸಿಸ್ಟರಮ್ಮನಿಗೆ.

ತಮ್ಮ ಸಾಹಿತ್ಯವನ್ನು ತಾವೇ ತಿದ್ದಿದ್ದೂ ಉಂಟು. ‘ಬಾರೋ ಕೂಸೆ’ ಎಂಬುದನ್ನು ಹೊರಗೆ ಕುಳಿತ ಒಬ್ಬ ಅತ್ತೆ ಕೇಳಿಸಿಕೊಂಡು, ಬಾರೋ ಎಂದ ಮೇಲೆ ಗಂಡೇ ಎಂದು ತೀರ್ಮಾನಿಸಿ ಕೂಡಲೇ ಪೇಡೆ ತರಿಸಿ ಹಂಚಿಬಿಟ್ಟಳು. ಹುಟ್ಟಿದ್ದು ಹೆಣ್ಣು. “ನೀನ ಬಾರೋ ಅಂದಿ, ಈಗ ಇದು ಬಂದೈತಿ” ಎಂದು ಅತ್ತೆ ಜಗಳಕ್ಕೆ ನಿಂತಳು. ಸಿಸ್ಟರಮ್ಮ, “ಹೊಟ್ಟಿಯೊಳಗ ಏನೈತಿ ಅಂತ ಮೊದ್ಲ ಹೇಳೋದು ಕಾನೂನಿನ ಪ್ರಕಾರ ಅಪರಾಧ ಐತವ್ವ. ನಾ ಹೆಂಗ ಹೇಳ್ಲಿ?” ಎಂದರು. ಮಾರನೆಯ ದಿನದಿಂದ ‘ಬಾರೋ’ ಹೋಗಿ ‘ಬಾ ಬಾ ಕೂಸೆ’ ಆಯಿತು.

ಇನ್ನೊಬ್ಬಳು ಮುದುಕಿ, ಮೊಮ್ಮಗಳು ಒಳಗೆ ನರಳುತ್ತಿದ್ದರೂ ಬಾಗಿಲಲ್ಲಿ ಅಡ್ಡ ನಿಂತು, “ನಿಮ್ದು ಯಾವ ಪೈಕಿ? ಅಲ್ಲ, ಮುಟ್ಟೋರು ನೀವ ಅಲ್ಲೇನು, ಅದಕ ಕೇಳಿದ್ನಿ” ಎಂದಳು. ಸಿಸ್ಟರಮ್ಮನದು ಬೌದ್ಧ ಮನೆತನ. ಅವರ ತಂದೆಯ ಕಾಲದಲ್ಲಿ ಈ ಪ್ರಶ್ನೆಗೆ ಊರಿನಲ್ಲಿ ಬೇರೆಯೇ ಉತ್ತರವಿತ್ತು, ಆ ಉತ್ತರ ಕೊಟ್ಟ ಮೇಲೆ ನಿಲ್ಲುವ ಜಾಗವೂ ಬೇರೆಯೇ ಇತ್ತು. ಅವರು ಕೈಗೆ ಗ್ಲೌಸು ಏರಿಸುತ್ತ, “ಕೂಸು ಹೊರಗ ಬರ್ಲಿ. ಅದನ್ನ ಕೇಳ್ತೀನಿ ತಡಿಯವ್ವ, ನಿಂದು ಯಾವ ಪೈಕಿ ಅಂತ. ಅದು ಏನಂತದೋ ನಂದೂ ಅದ” ಎಂದು ಒಳಗೆ ಹೋದರು. ಆ ದಿನ ಹಾಡು ಸ್ವಲ್ಪ ಜೋರಾಗಿಯೇ ಕೇಳಿಸಿತು.

ಈಗ ನೀಲಮ್ಮನ ವಿಷಯಕ್ಕೆ ಬರಬೇಕು.

ನೀಲಮ್ಮ ಕೂಡ್ಲಿಗಿ ಕಡೆಯ ಕುರಿಗಾರರ ಮನೆಯ ಹುಡುಗಿ, ನಮ್ಮ ಊರಿಗೆ ಮದುವೆಯಾಗಿ ಬಂದವಳು. ಗಂಡ ಕೊಟ್ರೇಶ ಬಸ್ ನಿಲ್ದಾಣದ ಎದುರು ಮೊಬೈಲ್ ಅಂಗಡಿ ಇಟ್ಟಿದ್ದ. ಆ ಹಳೆಯ ಹಾಡಿನ ಚಿತ್ರದ ನಾಯಕನಟನ ಅಭಿಮಾನಿ ಬಳಗಕ್ಕೆ ಅವನೇ ಅಧ್ಯಕ್ಷ. ನೀಲಮ್ಮ ಮೊದಲ ಹೆರಿಗೆಗೆ ಬಂದಾಗ ಅವನು ಗೇಟಿನ ಹತ್ತಿರ ಗೆಳೆಯರೊಂದಿಗೆ ನಿಂತಿದ್ದ. ಗಂಡಸರು ನಿಲ್ಲುವ ಜಾಗ ಅದೇ.

ಗೋಡೆಯಾಚೆ ಹಾಡು ಎಂದಿನಂತೆ ಶುರುವಾಯಿತು. ಹಾಡಿನಲ್ಲಿ ಬಸ್ಸು ಬಂತು, ಅತ್ತೆ ಬಂದಳು. ಕೂಸು ಅತ್ತ ಕೂಡಲೇ ಹಾಡು ನಿಲ್ಲಿಸುವುದು ಸಿಸ್ಟರಮ್ಮನ ಪದ್ಧತಿ, ಸಾಲು ಅರ್ಧವಿದ್ದರೂ ಸರಿ. ಅಂದು ಹಾಡು ನಿಂತಿತು, ಅಳು ಕೇಳಿಸಲಿಲ್ಲ. ಡಾಕ್ಟರಮ್ಮನ ಗಡಿಬಿಡಿಯ ಮಾತು ಕೇಳಿಸಿತು, ಪಾತ್ರೆಗಳ ಸದ್ದು ಕೇಳಿಸಿತು. ಆಮೇಲೆ ಅದೂ ಇಲ್ಲ. ಬಹಳ ಹೊತ್ತಿನ ಮೇಲೆ ನೀಲಮ್ಮನ ದನಿ.

“ಯಾಕ ನಿಲ್ಲಿಸಿದ್ರಿ? ಹಾಡ್ರಿ. ಅದು ಕೇಳ್ಕೊಂತ ಬರ್ತಿತ್ತು.”

ಹಾಡು ಮತ್ತೆ ಶುರುವಾಯಿತು. ಅದರಲ್ಲಿ ಮಾತಿರಲಿಲ್ಲ. ಕವಿಯ ಮಾತೂ ಇಲ್ಲ, ಸಿಸ್ಟರಮ್ಮನ ಮಾತೂ ಇಲ್ಲ. ಬರೀ ಧಾಟಿ. ನನ್ನ ಕಿಟಕಿಯ ಮುಂದೆ ಔಷಧಿಗೆ ನಿಂತವರು ಚೀಟಿ ಚಾಚಲಿಲ್ಲ, ನಾನೂ ಕೇಳಲಿಲ್ಲ. ಅದು ಮೊದಲಿನಿಂದ ಕೊನೆಯ ತನಕ ಹೋಗಿ ಮುಗಿಯಿತು. ಅವರ ಹಾಡು ಪೂರ್ತಿ ಮುಗಿದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂದು ಅವರು ಚಹಕ್ಕೆ ಬರಲಿಲ್ಲ. ಮರುದಿನ ಬಂದವರು, ನಾನು ಏನೂ ಕೇಳದಿದ್ದರೂ, “ಮಾತು ಸಿಗ್ಲಿಲ್ರಿ” ಎಂದರು. ಬಿಸ್ಕತ್ತನ್ನು ಮುಟ್ಟಲಿಲ್ಲ.

ಇದಾಗಿ ಒಂದು ವರ್ಷದ ಮೇಲೆ ಯಾರೋ ರೋಗಿಯ ಕಡೆಯವರು ಕಿಟಕಿಯ ಹೊರಗೆ ನಿಂತು ಸಿಸ್ಟರಮ್ಮನ ಹಾಡನ್ನು ಫೋನಿನಲ್ಲಿ ಹಿಡಿದುಕೊಂಡರು. ಹರಪನಹಳ್ಳಿಯ ಒಬ್ಬ ಹುಡುಗ ಅದಕ್ಕೆ ಡೋಲು, ತಮಟೆ ಸೇರಿಸಿದ. ವಾರದೊಳಗೆ ಅದು ಹಡಗಲಿಯ ಚಹದಂಗಡಿಗಳಲ್ಲಿತ್ತು, ಕೊಟ್ಟೂರಿನ ಆಟೋಗಳಲ್ಲಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಮದುವೆ ಮೆರವಣಿಗೆಯಲ್ಲಿ ಮದುಮಗನ ಗೆಳೆಯರು ಅದಕ್ಕೆ ಕುಣಿದದ್ದನ್ನು ನಾನೇ ನೋಡಿದೆ. ಹೆರಿಗೆ ನೋವಿನ ಹಾಡು ಎಂದು ಅವರಿಗೆ ತಿಳಿದಿತ್ತೋ ಇಲ್ಲವೋ. ಮದುಮಗಳು ಮಾತ್ರ ತಲೆ ತಗ್ಗಿಸಿ ಕೂತಿದ್ದಳು.

ಹಾಡಿನ ಮಾತು ಬದಲಿಸುವುದು ನಮ್ಮ ಕಡೆ ಹೊಸದೇನಲ್ಲ. ಭಜನೆಯವರು ಸಿನಿಮಾ ಧಾಟಿಗೆ ದೇವರ ಹೆಸರು ಸೇರಿಸುತ್ತಾರೆ. ಚುನಾವಣೆ ಬಂದರೆ ಅದೇ ಧಾಟಿಗೆ ಅಭ್ಯರ್ಥಿಯ ಹೆಸರು ಬರುತ್ತದೆ. ಯಾರೂ ತಕರಾರು ಮಾಡುವುದಿಲ್ಲ. ಆದರೆ ಈ ಸಲ ಕೊಟ್ರೇಶನ ಅಭಿಮಾನಿ ಬಳಗಕ್ಕೆ ನೋವಾಯಿತು. ತಮ್ಮ ನಾಯಕರ ಪವಿತ್ರ ಪ್ರೇಮಗೀತೆಯನ್ನು ಹೆರಿಗೆ ಕೋಣೆಗೆ ಎಳೆದು ಅಪಮಾನ ಮಾಡಲಾಗಿದೆ ಎಂದು ಮೇಲಿನವರಿಗೆ ದೂರು ಕೊಟ್ಟರು. ಒಂದು ಬೆಳಿಗ್ಗೆ ನಾಯಕರ ಚಿತ್ರ ಹಿಡಿದು ಗೇಟಿಗೆ ಬಂದು ಧಿಕ್ಕಾರ ಕೂಗಿದರು. ಸಿಸ್ಟರಮ್ಮ ಹೊರಗೆ ಬಂದರು.

“ಒಳಗ ಬಾಣಂತ್ಯಾರು ಈಗರ ಮಲಗ್ಯಾರ. ಸಣ್ಣ ದನೀಲೆ ಧಿಕ್ಕಾರ ಅನ್ರಿ.”

ಅವರು ಸಣ್ಣ ದನಿಯಲ್ಲೇ ಧಿಕ್ಕಾರ ಎಂದರು.

ವಿಚಾರಣೆಗೆ ಜಿಲ್ಲಾ ಕೇಂದ್ರದಿಂದ ಒಬ್ಬ ಅಧಿಕಾರಿ ಬಂದರು. ಡಾಕ್ಟರಮ್ಮನ ಕೋಣೆಯಲ್ಲಿ ಕೂತು ಕೊಟ್ರೇಶನ ಫೋನಿನಿಂದ ಹಾಡನ್ನು ಪೂರ್ತಿ ಕೇಳಿದರು. ಮೇಜಿನ ಕೆಳಗೆ ಅವರ ಕಾಲು ತಾಳ ಹಾಕುತ್ತಿದ್ದುದು ನನಗೆ ಕಾಣುತ್ತಿತ್ತು. ಗೋಡೆಯ ಕಾರಣದಿಂದ ನಾನು ಸಾಕ್ಷಿ.

“ಈ ಹಾಡಿನಲ್ಲಿ ಅಶ್ಲೀಲವಾದದ್ದು ಏನಾದರೂ ಇದೆಯೇ?” ಎಂದು ನನ್ನನ್ನು ಕೇಳಿದರು.

“ಇಲ್ಲ ಸರ್. ಹೆಚ್ಚಿನಂಶ ಬಸ್ಸಿನ ಬಗ್ಗೆ ಐತಿ.”

ಅಧಿಕಾರಿ ಸಿಸ್ಟರಮ್ಮನ ಕಡೆ ತಿರುಗಿ, ಜನರ ಭಾವನೆಗೆ ಧಕ್ಕೆಯಾಗುವಂತೆ ಒಂದು ಪ್ರಸಿದ್ಧ ಗೀತೆಯನ್ನು ಬದಲಿಸುವುದು ಸರಿಯೇ ಎಂದರು.

“ಹೋದ ಎಲೆಕ್ಷನ್‌ದಾಗ ಈ ಹುಡುಗ್ರ ಅದ ಧಾಟಿಗೆ ಕ್ಯಾಂಡಿಡೇಟಿನ ಹೆಸ್ರು ಹಾಕಿ ಊರ ತುಂಬ ತಿರುಗ್ಯಾರ್ರಿ” ಎಂದರು ಸಿಸ್ಟರಮ್ಮ. “ಆತ ಸೋತ. ನನ್ನವು ಎಲ್ಲಾ ಗೆದ್ದಾವ.” ಆಮೇಲೆ ತಾವೇ ತಿದ್ದಿದರು. “ಎಲ್ಲಾ ಅಂದ್ರ ಸುಳ್ಳಾಗ್ತೈತಿ. ಒಂದೆರಡು ಬಿಟ್ರ.”

“ಅದರಾಗ ಒಂದು ನಂದ್ರಿ” ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ನೀಲಮ್ಮ ನಿಂತಿದ್ದಳು. ಯಾರು ಹೇಳಿಕಳಿಸಿದ್ದರೋ ಗೊತ್ತಿಲ್ಲ. ಕೊಟ್ರೇಶ ಎದ್ದು, “ನೀ ಯಾಕ ಬಂದಿ? ಮನೀಗೆ ನಡಿ” ಎಂದ. ಅವಳು ಅವನ ಕಡೆ ನೋಡದೆ ಅಧಿಕಾರಿಯ ಮೇಜಿನ ತನಕ ಬಂದಳು.

“ನನ್ನ ಕೂಸು ಈ ಲೋಕದಾಗ ಕೇಳಿದ್ದು ಅದೊಂದ್ರಿ ಸಾಹೇಬ್ರ. ಅವ್ವ ಅನ್ನೋದು ಕೇಳ್ಲಿಲ್ಲ, ಅಪ್ಪ ಅನ್ನೋದು ಕೇಳ್ಲಿಲ್ಲ. ನನ್ನ ಹೊಟ್ಟ್ಯಾಗ ಇದ್ದಾಗ ಈ ಅಮ್ಮನ ದನಿ ಕೇಳ್ತು. ಹೋದ ಮ್ಯಾಲೂ ನಾನ ಹಾಡ್ಸಿದ್ನಿ. ನನ್ನ ಕೂಸಿಗೆ ಮತ್ತ್ಯಾರೂ ಜೋಗುಳ ಹಾಡಿಲ್ಲ.” ಆಮೇಲೆ ಗಂಡನ ಕಡೆ ತಿರುಗಿದಳು. “ಅದು ನಿಮ್ಮ ಹೀರೋನ ಹಾಡು, ಬಾಳ ಅಪಮಾನ ಆಗೇತಿ ಅಂತ ಕೂಸಿಗೆ ಹೋಗಿ ಹೇಳ್ತಿಯೇನು? ಎಲ್ಲಿ ಮಣ್ಣು ಮಾಡೀರಿ ಅಂತ ನನಗಂತೂ ತೋರ್ಸಿಲ್ಲ. ನೀನರ ಹೋಗಿ ಹೇಳು.”

ಕೊಟ್ರೇಶನ ಕೈಯಲ್ಲಿ ಫೋನು ಇನ್ನೂ ಬೆಳಗುತ್ತಿತ್ತು.

“ನನಗ ಇದು ಗೊತ್ತಿರ್ಲಿಲ್ಲ” ಎಂದ.

“ನೀ ಕೇಳ್ಲಿಲ್ಲ” ಎಂದಳು ನೀಲಮ್ಮ.

ಅವನು ಅಲ್ಲೇ ದೂರು ಹಿಂತೆಗೆದುಕೊಂಡ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಧಿಕಾರಿ ಅಷ್ಟು ದೂರದಿಂದ ಬಂದವರು, ಏನಾದರೂ ಮಾಡಿ ಹೋಗಬೇಕಲ್ಲ. ಹದಿನೈದು ದಿನದಲ್ಲಿ ಆದೇಶ ಬಂತು. ಹೆರಿಗೆ ಕೋಣೆಯಲ್ಲಿ ಚಲನಚಿತ್ರ ಗೀತೆಗಳನ್ನು ಮೂಲ ಸಾಹಿತ್ಯದಲ್ಲಾಗಲಿ, ಬದಲಾದ ಸಾಹಿತ್ಯದಲ್ಲಾಗಲಿ ಸಿಬ್ಬಂದಿ ಹಾಡತಕ್ಕದ್ದಲ್ಲ. ಡಾಕ್ಟರಮ್ಮ ಇದನ್ನು ರದ್ದು ಮಾಡಿ ಎಂದು ಬರೆದರು. ದೂರೇ ಇಲ್ಲದಿರುವುದರಿಂದ ಈ ಬಗ್ಗೆ ಪರಿಶೀಲಿಸುವ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಉತ್ತರ ಬಂತು.

ಸಿಸ್ಟರಮ್ಮ ಆದೇಶವನ್ನು ಎರಡು ಸಲ ಓದಿ, “ಹಾಡಬಾರ್ದು ಅಂದಾರ. ಮಾತಾಡಬಾರ್ದು ಅಂದಿಲ್ಲ” ಎಂದರು. ಅಂದಿನಿಂದ ಅದೇ ಸಾಲುಗಳನ್ನು ಧಾಟಿ ತೆಗೆದು ಬರೀ ಮಾತಿನಲ್ಲಿ ಹೇಳತೊಡಗಿದರು. ಅದು ಬೈಗುಳದಂತೆ ಕೇಳಿಸುತ್ತಿತ್ತು. ಬಾಗಳಿಯ ಒಬ್ಬ ಹುಡುಗಿ ನೋವಿನ ನಡುವೆಯೇ, “ಅಮ್ಮಾ, ನಾ ಏನು ತಪ್ಪು ಮಾಡೀನಿ? ಯಾಕ ಸಿಟ್ಟಾಗೀರಿ?” ಎಂದು ಅತ್ತಳು. ಅಲ್ಲಿಗೆ ಅದನ್ನೂ ಬಿಟ್ಟರು. ಗೋಡೆಯಾಚೆ ಉಳಿದದ್ದು ನರಳಿಕೆ, ಡಾಕ್ಟರಮ್ಮನ ಸೂಚನೆ, ಆಮೇಲೆ ಅಳು. ಮಕ್ಕಳು ಹುಟ್ಟುವುದೇನೂ ನಿಲ್ಲಲಿಲ್ಲ. ಹೆರಿಗೆಗೆ ಬಂದವರು ಮಾತ್ರ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. “ಬಸ್ಸಿನ ಹಾಡು ಇಲ್ಲೇನ್ರಿ? ನಮ್ಮಕ್ಕನ ಮುಂದ ಹಾಡಿದ್ರಂತಲ್ಲ.” ಸಿಸ್ಟರಮ್ಮ, “ಆ ಬಸ್ಸು ಬಂದ್ ಆಗೇತವ್ವ” ಎನ್ನುತ್ತಿದ್ದರು.

ಎರಡು ವರ್ಷ ಹಾಗೆಯೇ ಕೆಲಸ ಮಾಡಿ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಎಲ್ಲರೂ ಒಂದು ಹಾಡು, ಒಂದೇ ಹಾಡು ಎಂದು ದುಂಬಾಲು ಬಿದ್ದೆವು. ಅದು ಸಭಾಂಗಣ, ಅಲ್ಲಿಗೆ ಆದೇಶ ಅನ್ವಯಿಸುವುದಿಲ್ಲ ಎಂದು ಡಾಕ್ಟರಮ್ಮನೂ ಹೇಳಿದರು. ಸಿಸ್ಟರಮ್ಮ ಕೊರಳಿನ ಹಾರ ತೆಗೆದು ಕುರ್ಚಿಯ ಮೇಲಿಟ್ಟು ಸಭೆಯನ್ನು ಒಮ್ಮೆ ನೋಡಿದರು.

“ಇಲ್ಲಿ ಹಡೆಯೋರು ಯಾರದಾರ?”

ಯಾರೂ ಇರಲಿಲ್ಲ. ಹಾಡಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ನೀಲಮ್ಮ ಮತ್ತೆ ಹೆರಿಗೆಗೆ ಬಂದಳು. ನೋವು ಶುರುವಾಗಿದ್ದರೂ ಹೆರಿಗೆ ಕೋಣೆಯ ಹೊಸ್ತಿಲು ದಾಟಲು ಒಪ್ಪಲಿಲ್ಲ. ಗೋಡೆ ಹಿಡಿದುಕೊಂಡು, “ಆ ಅಮ್ಮ ಇಲ್ದ ನಾ ಒಳಗ ಹೋಗಲ್ಲ. ಒಂದು ಸರ್ತಿ ಹೋಗಿ ಬಂದೀನಿ, ಸಾಕು” ಎಂದಳು. ಡಾಕ್ಟರಮ್ಮ ಬೈದರು, ಸಮಾಧಾನ ಹೇಳಿದರು, ಮತ್ತೆ ಬೈದರು. ಕೊಟ್ರೇಶ ಯಾರಿಗೂ ಹೇಳದೆ ಬೈಕು ಹತ್ತಿ ಹೋಗಿಬಿಟ್ಟ. ಹೆದರಿ ಓಡಿದ ಎಂದೇ ನಾವೆಲ್ಲ ತಿಳಿದೆವು. ಬಿಸಿಲು ಏರಿದ ಹೊತ್ತಿಗೆ ತಿರುಗಿ ಬಂದ. ಹಿಂದೆ ಸಿಸ್ಟರಮ್ಮ ಒಂದು ಬದಿಗೆ ಕಾಲು ಹಾಕಿ, ತಲೆಗೆ ಸೆರಗು ಸುತ್ತಿಕೊಂಡು, ಧೂಳು ತುಂಬಿದ ಕನ್ನಡಕದಲ್ಲಿ ಕೂತಿದ್ದರು.

ಒಂದೇ ವರ್ಷದಲ್ಲಿ ಮೆತ್ತಗಾಗಿದ್ದರು. ಕಿವಿ ಹೆಚ್ಚುಕಡಿಮೆ ಹೋಗಿತ್ತು. ಹತ್ತಿರ ಬಂದು ಕೂಗಿ ಹೇಳಬೇಕು.

ನಿವೃತ್ತರನ್ನು ಹೆರಿಗೆ ಕೋಣೆಯೊಳಗೆ ಬಿಡುವಂತಿಲ್ಲ. ಡಾಕ್ಟರಮ್ಮ ಹಿಂದಿನ ಅಂಗಳದಲ್ಲಿ, ಹೆರಿಗೆ ಕೋಣೆಯ ಕಿಟಕಿಯ ಹೊರಗೆ, ನೆರಳು ನೋಡಿ ಒಂದು ಕುರ್ಚಿ ಹಾಕಿಸಿದರು. “ಅಂಗಳದ ಬಗ್ಗೆ ಆದೇಶದಾಗ ಏನೂ ಬರದಿಲ್ಲ” ಎಂದು ನನಗೆ ಹೇಳಿ ಒಳಗೆ ಹೋದರು. ನೀಲಮ್ಮ ಹೊಸ್ತಿಲಲ್ಲಿ ನಿಂತೇ ಕಿಟಕಿಯಾಚೆ ಸಿಸ್ಟರಮ್ಮನ ಮುಖ ನೋಡಿ, ಒಳಗೆ ಹೋಗಿ ಮೇಜಿನ ಮೇಲೆ ಮಲಗಿದಳಂತೆ.

ಸಿಸ್ಟರಮ್ಮ ಕೊಟ್ರೇಶನನ್ನು ಕೇಳಿದರು. “ಯಾವ ಬಸ್ಸು ಹಾಕ್ಲಿ?”

“ಬಸ್ ಬ್ಯಾಡ್ರಿ ಅಮ್ಮ” ಎಂದು ಅವನು ಅವರ ಕಿವಿಯ ಹತ್ತಿರ ಬಗ್ಗಿ ಕೂಗಿದ. “ಬೈಕ್ ಹಾಕ್ರಿ.”

ಅವರು ತುಸು ಯೋಚಿಸಿ ಶುರುಮಾಡಿದರು.

ಬಾ ಬಾ ಕೂಸೆ, ಬಾಗಿಲು ತೆರದೈತಿ,
ಒಳಗ ಕುಂತು ಏನ ಮಾಡತಿ?
ಅಪ್ಪನ ಬೈಕು ಬಿಸಲಾಗ ನಿಂತೈತಿ,
ಅವ್ವನ ಜೀವ ಎಷ್ಟು ಕಾಡತಿ?

ದನಿ ಮೊದಲಿಗಿಂತ ಕೆಟ್ಟಿತ್ತು. ಆಸ್ಪತ್ರೆಯ ಹಿಂಭಾಗದಲ್ಲಿ ಬಟ್ಟೆ ಒಣಹಾಕುತ್ತಿದ್ದವರು, ಕ್ಯಾಂಟೀನಿನವರು, ಒಬ್ಬೊಬ್ಬರಾಗಿ ಬಂದು ನಿಂತರು. ಹಾಡು ಮುಗಿದರೆ ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು. ಕೊಟ್ರೇಶ ಗೇಟಿಗೆ ಹೋಗಲಿಲ್ಲ. ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

ಆಗ ಒಳಗಿನಿಂದ ಅಳು ಕೇಳಿಸಿತು. ಗಟ್ಟಿಯಾದ, ಸಿಟ್ಟಿನ ಅಳು. ಕೊಟ್ರೇಶ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬಟ್ಟೆ ಒಣಹಾಕುವ ಹೆಂಗಸು ಕೈಮುಗಿದಳು. ಸಿಸ್ಟರಮ್ಮನಿಗೆ ಕೇಳಿಸಿರಲಿಲ್ಲ. ಕಿಟಕಿಯನ್ನೇ ನೋಡುತ್ತ, ಉಸಿರ ಎಳಕೊ ಉಸಿರ ಬಿಡವ್ವ ಎಂದು ಹಾಡುತ್ತಲೇ ಇದ್ದರು. ನಿಲ್ಲಿಸಿ ಎಂದು ಹೇಳಲು ನಾನು ಕೈ ಎತ್ತಿದೆ. ಎತ್ತಿದ ಕೈಯನ್ನು ಹಾಗೆಯೇ ಇಳಿಸಿದೆ. ಅಲ್ಲಿದ್ದ ಯಾರೂ ಹೇಳಲಿಲ್ಲ.

ಕೊನೆಗೆ ಡಾಕ್ಟರಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕಿಟಕಿಗೆ ತಂದರು. ಸಿಸ್ಟರಮ್ಮ ನೋಡಿದರು. ಬಾಯಲ್ಲಿದ್ದ ಪದ ಅರ್ಧಕ್ಕೆ ನಿಂತಿತು.

“ಯಾವಾಗ ಆತು?” ಎಂದು ನನ್ನನ್ನು ಕೇಳಿದರು.

“ಆಗ್ಲೇ ಆತ್ರಿ” ಎಂದು ಕೂಗಿದೆ.

“ಮತ್ತ ಹೇಳಬಾರ್ದೇನ್ರಿ? ಸುಮ್ನ ಗಂಟ್ಲು ಹರಕೊಂಡ್ನಿ.”

ಡಾಕ್ಟರಮ್ಮ ಕಿಟಕಿಯ ಸರಳಿಗೆ ಮುಖ ತಂದು ಗಟ್ಟಿಯಾಗಿ ಹೇಳಿದರು. “ನೀಲಮ್ಮ ನಿಲ್ಲಸ್ಬ್ಯಾಡ್ರಿ ಅಂತಾಳ. ಇದು ಅಳೋದು ಬಿಟ್ಟು ಕೇಳಾಕತ್ತೈತಂತ.”

ಸಿಸ್ಟರಮ್ಮ ನೀರು ಕೇಳಿದರು. ನಾನು ತಂದುಕೊಟ್ಟೆ. ಎರಡು ಗುಟುಕು ಕುಡಿದು, ಲೋಟವನ್ನು ಕುರ್ಚಿಯ ಪಕ್ಕಕ್ಕಿಟ್ಟು, ಎಲ್ಲಿ ಬಿಟ್ಟಿದ್ದರೋ ಆ ಪದದಿಂದಲೇ ಮುಂದುವರಿಸಿದರು.